ಕೈ ತೊಳೆಯದೆ ಹೋದವರು

ಅವರ ಅಂಗಿಯ ಜೇಬಿನಲ್ಲಿ, ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜಾಗದಲ್ಲಿ, ಒಂದು ಸ್ಟೀಲ್ ಚಮಚ ಇರುತ್ತಿತ್ತು. ನಾನು ನ್ಯಾಮತಿಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದ ಹೊಸತು. ಒಂದು ಮಧ್ಯಾಹ್ನ ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಎಲ್ಲರೂ ರೊಟ್ಟಿ ಮುರಿದು ತಿನ್ನುತ್ತಿದ್ದರೆ, ಮೂಲೆಯಲ್ಲಿದ್ದ ಈ ತೆಳ್ಳನೆಯ ಮನುಷ್ಯ ಮಾತ್ರ ಅನ್ನವನ್ನು ಚಮಚದಲ್ಲಿ ಎತ್ತಿ ತಿನ್ನುತ್ತಿದ್ದರು. ಸಾಹೇಬರ ಗತ್ತು ನೋಡು ಎಂದು ನನಗೆ ಒಳಗೊಳಗೇ ನಗು. ಖಾನಾವಳಿಯವರು ನಗಲಿಲ್ಲ. "ಚಮಚ ತೆಗ್ದಾರೆ. ಇವತ್ತು ಎಲ್ಲೋ ಒಂದು ಹೋತು" ಎಂದರು ದನಿ ತಗ್ಗಿಸಿ. ಏನು ಹೋಯಿತು ಎಂದು ಕೇಳಿದೆ. "ಜೀವ" ಅಂದು ನನ್ನ ತಟ್ಟೆಗೆ ಪಲ್ಯ ಬಡಿಸಿ ಮುಂದೆ ಹೋದರು.

ಅವರು ಕಳೆದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಕಾರಣವಿದೆ, ಅವರೇ ಕಲಿಸಿದ್ದು, ಮುಂದೆ ಹೇಳುತ್ತೇನೆ. ಊರಿಗೆ ಅವರು ಕಾಂಪೌಂಡರ್, ಅಷ್ಟೇ. ಚನ್ನಗಿರಿ, ಜಗಳೂರು, ಹೊನ್ನಾಳಿ ಎಂದು ತಿರುಗಿ, ದನದ ಆಸ್ಪತ್ರೆಗಳಲ್ಲಿ ನಲವತ್ತು ವರ್ಷ ಔಷಧಿ ಕಲಸಿ, ಸೂಜಿ ಕುದಿಸಿ, ನ್ಯಾಮತಿಯಲ್ಲಿ ನಿವೃತ್ತರಾಗಿ ಅಲ್ಲೇ ನಿಂತವರು. ನಿವೃತ್ತರಾದ ಮೇಲೂ ಜನ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದರು. ಅವರನ್ನು ಕರೆಯುತ್ತಿದ್ದುದು ವಾಸಿ ಮಾಡಲಿಕ್ಕಲ್ಲ. ಅದಕ್ಕೆ ಡಾಕ್ಟರಿದ್ದರು. ಅವರನ್ನು ಕರೆಯುತ್ತಿದ್ದುದು ಕೈ ಇಡಲಿಕ್ಕೆ.

ಅವರ ಪದ್ಧತಿ ಇಷ್ಟು. ಬಂದು, ಕಾಯಿಲೆ ಬಿದ್ದ ಪ್ರಾಣಿಯ ಪಕ್ಕೆಗಳ ಮೇಲೆ ಎರಡೂ ಅಂಗೈ ಇಟ್ಟು ಕಣ್ಣು ಮುಚ್ಚಿ ಕೂರುವರು. ಆಮೇಲೆ ಎದ್ದು "ನೀರು ಕೊಡ್ರಿ" ಎಂದು ಕೈ ತೊಳೆದುಕೊಂಡರೆ ಪ್ರಾಣಿ ಬದುಕುತ್ತದೆ, ಔಷಧಿ ಮುಂದುವರಿಸಬಹುದು. ನೀರು ಕೇಳದೆ ಮೆಟ್ಟಿಲಿಳಿದು ಹೋದರೆ ಇಲ್ಲ. ಬಾಯಿಬಿಟ್ಟು ಒಂದು ಮಾತೂ ಹೇಳುತ್ತಿರಲಿಲ್ಲ. ಆದ್ದರಿಂದ ಈ ಕಡೆಯ ಮನೆಗಳಲ್ಲಿ ಹಸು ಮಲಗಿದರೆ ಅಕ್ಕಪಕ್ಕದವರು ಕೇಳುತ್ತಿದ್ದ ಪ್ರಶ್ನೆ "ಡಾಕ್ಟ್ರು ಏನಂದ್ರು?" ಎಂದಲ್ಲ, "ಕೈ ತೊಳಕಂಡ್ರಾ?" ಎಂದು. ಬಸವಾಪಟ್ಟಣದ ದೊಡ್ಡ ಮನೆಯೊಂದರವರು ತಮ್ಮ ಎಮ್ಮೆಗಾಗಿ ಅವರನ್ನು ಕರೆಸಿದಾಗ, ಬಾಗಿಲಿಂದ ಕೊಟ್ಟಿಗೆಯವರೆಗೆ ಏಳು ಚೊಂಬು ನೀರು ಸಾಲಾಗಿ ಇಟ್ಟಿದ್ದರಂತೆ. "ಮದ್ವೆಗೆ ಬಂದಂಗಾತಲ್ಲ" ಎಂದ ಅವರು ಹಿಂದಿರುಗುವಾಗ ಏಳನ್ನೂ ದಾಟಿಕೊಂಡು ಹೋದರಂತೆ.

ಸೊಕ್ಕೆಯ ಕಥೆಯನ್ನು ತಂದವರು ನನ್ನ ಗಂಡ. ಅವರಿಗೆ ಆಗ ಜಗಳೂರಿನಲ್ಲಿ ಕೆಲಸ, ಭಾನುವಾರ ಮಾತ್ರ ಮನೆ. ಸೊಕ್ಕೆಯಲ್ಲಿ ಒಬ್ಬರ ಕುರಿಹಿಂಡಿಗೆ ರೋಗ ಬಡಿದಾಗ ಕಾಂಪೌಂಡರು ಕುರಿ ರೊಪ್ಪದೊಳಗೆ ಹೋಗಿ ಬಂದವರು ನೀರು ಕೇಳಿದರಂತೆ. ಕುರಿಯವರು ಕುಣಿದಾಡಿಬಿಟ್ಟರು. ಅವರು ಬಲಗೈಯೊಂದನ್ನೇ ತೊಳೆದುಕೊಂಡು, ಎಡಗೈಯನ್ನು ಹಾಗೇ ಬೆನ್ನ ಹಿಂದೆ ಇಟ್ಟುಕೊಂಡು ಬಸ್ಸು ಹತ್ತಿದರಂತೆ. ಹಿಂಡಿನಲ್ಲಿ ಸರಿಯಾಗಿ ಅರ್ಧ ಉಳಿಯಿತಂತೆ.

"ಸತ್ತ ಕುರಿ ಎಣಿಸಿದವರು ಯಾರು?" ಎಂದು ನಾನು ಕೇಳಿದೆ. ನನಗೆ ಇಂಥದ್ದೆಲ್ಲ ಕಂಡರೆ ಮೈ ಉರಿಯುತ್ತದೆ. ಬದುಕುತ್ತೋ ಸಾಯುತ್ತೋ ಎಂದು ಯಾರು ಹೇಳಿದರೂ ಅರ್ಧ ಸಲ ಸರಿಯಾಗಿಯೇ ಆಗುತ್ತದೆ ಎಂದು ನಾಣ್ಯ ಚಿಮ್ಮಿ ತೋರಿಸಿದೆ. ಗಂಡ ಸುಮ್ಮನೆ ತಲೆಯಾಡಿಸಿದರು. ಅತ್ತೆ ಮಾತ್ರ "ನಾಣ್ಯಕ್ಕೆ ಉಸಿರಿಲ್ಲವ್ವ" ಅಂದರು.

ಆದರೂ ನನ್ನ ಕಣ್ಣಿಗೆ ಬಿದ್ದದ್ದನ್ನು ಬಿಡುವಂತಿಲ್ಲ. ಅವರು ಬೀದಿಯಲ್ಲಿ ಬರುತ್ತಿದ್ದರೆ ನಾಯಿಗಳು ಬೊಗಳುತ್ತಿರಲಿಲ್ಲ. ಎದ್ದು ನಿಂತು, ಅವರು ದಾಟಿಹೋಗುವವರೆಗೂ ನೆಲ ನೋಡುತ್ತಿದ್ದವು. ಮನೆ ಮುಂದೆ ಹಸು ಕಟ್ಟಿದವರು ಅವರ ಚಪ್ಪಲಿ ಸದ್ದು ಕೇಳಿದರೆ ಹಸುವಿನ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದರು, ಚೆನ್ನಾಗಿರುವ ಹಸುವನ್ನು ಅವರು ನೋಡಬಾರದು ಎಂದು. ಅವರಿಗೂ ಅದು ಗೊತ್ತು. ಅದಕ್ಕೇ ಮಳೆಯಿಲ್ಲದಿದ್ದರೂ ಬಿಸಿಲಿಲ್ಲದಿದ್ದರೂ ಕೊಡೆ ಬಿಚ್ಚಿ ಮೂಗಿನವರೆಗೆ ಇಳಿಸಿಕೊಂಡು, ತಮ್ಮ ಕಾಲಬೆರಳುಗಳನ್ನಷ್ಟೇ ನೋಡುತ್ತಾ ನಡೆಯುತ್ತಿದ್ದರು. ಹಾಗೆ ನಡೆಯುವ ಮನುಷ್ಯನನ್ನು ಕಂಡರೆ ನನಗೆ ಮೊದಮೊದಲು ಸಿಟ್ಟು, ಆಮೇಲೆ ಕನಿಕರ. ಭಯ ಬಂದದ್ದು ನಮ್ಮ ಬೂದಿಗೆ ಕಾಯಿಲೆ ಬಂದ ಮೇಲೆ.

ಬೂದಿ ನನ್ನ ಬೆಕ್ಕು. ಒಲೆಯ ಬೂದಿಯ ಬಣ್ಣ, ಅದಕ್ಕೆ ಆ ಹೆಸರು. "ಬೇರೆ ಹೆಸರು ಸಿಗಲಿಲ್ವೇನೇ, ಮಸಣದ ಹೆಸರಿಟ್ಟೀಯಲ್ಲ" ಎಂದು ಅತ್ತೆ ಬೈದಿದ್ದರು. ಹನ್ನೊಂದು ವರ್ಷ ನನ್ನ ಜೊತೆಗಿತ್ತು. ನಾನು ಉತ್ತರಪತ್ರಿಕೆ ತಿದ್ದುವಾಗ ಪತ್ರಿಕೆಗಳ ಮೇಲೆ ಕೂರುವುದು, ಶಾಲೆಯಿಂದ ಬಂದರೆ ಬೀದಿಯ ತುದಿಯವರೆಗೆ ಎದುರು ಬರುವುದು. ಆ ವರ್ಷ ಮಾವು ಬರುವ ಹೊತ್ತಿಗೆ ಅದು ಒಂದೇ ಸಮ ನೀರು ಕುಡಿಯತೊಡಗಿತು, ಊಟ ಬಿಟ್ಟಿತು, ಎತ್ತಿಕೊಂಡರೆ ಖಾಲಿ ಚೀಲ ಎತ್ತಿದ ಹಾಗೆ ಹಗುರ. ಶಿವಮೊಗ್ಗದಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನೇರ ಮಾತಿನವರು. ಎರಡೂ ಕಿಡ್ನಿ ಹೆಚ್ಚುಕಮ್ಮಿ ನಿಂತಿವೆ ಎಂದರು. ದಿನಾ ಚರ್ಮದ ಕೆಳಗೆ ಸಲೈನ್ ಕೊಟ್ಟು, ಪಿಚಕಾರಿಯಲ್ಲಿ ಊಟ ತುರುಕಿದರೆ ಕೆಲವು ವಾರ ಎಳೆಯಬಹುದು. ಇಲ್ಲವೇ ಮನೆಯಲ್ಲೇ, ನೋವಿಲ್ಲದ ಹಾಗೆ ನೋಡಿಕೊಂಡು, ಹೋಗಲು ಬಿಡಬಹುದು. "ಎರಡೂ ತಪ್ಪಲ್ಲ ಮೇಡಂ. ತೀರ್ಮಾನ ನಿಮ್ಮದು" ಎಂದರು.

ತೀರ್ಮಾನ ನನ್ನದು ಎಂಬ ಆ ಮಾತು ನನಗೆ ಬೇಡವಾಗಿತ್ತು. ಸಲೈನ್ ಶುರು ಮಾಡಿದೆ. ಸೂಜಿ ಕಂಡರೆ ಬೂದಿ ಬೀರುವಿನ ಹಿಂದೆ ಸೇರುತ್ತಿತ್ತು. ಎಳೆದು ತಂದರೆ ನನ್ನ ಮೊಣಕೈ ಗೀರುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಬಿಡವ್ವ, ಅದ್ರ ಪಾಡಿಗೆ ಅದನ್ನ ಬಿಡು" ಎಂದರೆ ನಾನು ರೇಗುತ್ತಿದ್ದೆ. ನಾಲ್ಕನೆಯ ದಿನ ಅದು ಎದ್ದು ನಿಲ್ಲುವುದನ್ನೂ ಬಿಟ್ಟಿತು. ಅಂದು ನಾನು, ಕುರಿ ಎಣಿಸಿದವರು ಯಾರು ಎಂದು ಕೇಳಿದವಳೇ, ಹೋಗಿ ಕಾಂಪೌಂಡರನ್ನು ಕರೆದೆ. ಬೆಕ್ಕಿಗೆ ಅವರನ್ನು ಕರೆದವರು ಊರಿನಲ್ಲಿ ಅದುವರೆಗೆ ಯಾರೂ ಇರಲಿಲ್ಲ.

ಅವರು ಮಧ್ಯಾಹ್ನ ಹನ್ನೆರಡಕ್ಕೆ ಬಂದರು. ಕೊಡೆ ಮಡಚಿ ಮೂಲೆಗಿಟ್ಟು, ಪಡಸಾಲೆಯಲ್ಲಿ ಬೂದಿಯ ಪಕ್ಕ ಕೂತು, ಅಂಗೈ ಇಟ್ಟರು. ಕರೆಂಟು ಹೋಗಿ ಫ್ಯಾನು ನಿಂತಿತು. ಬೀದಿಯಲ್ಲೂ ಸದ್ದಿಲ್ಲ. ನೋಡುತ್ತಾ ನೋಡುತ್ತಾ ಅವರ ಉಸಿರು ಬೆಕ್ಕಿನ ಉಸಿರಿಗೆ ಸೇರಿಕೊಂಡಿತು. ಎರಡೂ ಒಟ್ಟಿಗೆ ಏರುತ್ತಿದ್ದವು, ಒಟ್ಟಿಗೆ ನಿಲ್ಲುತ್ತಿದ್ದವು, ನಿಂತಾಗ ಮುಂದಿನದು ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ನಾನು ಗೋಡೆ ಹಿಡಿದು ನಿಂತಿದ್ದೆ. ಒಂದು ಸಲವಂತೂ ಇಬ್ಬರದೂ ಬರುವುದೇ ಇಲ್ಲವೇನೋ ಅನ್ನಿಸಿತು.

ಆಮೇಲೆ ಅವರು ಕಣ್ಣು ಬಿಟ್ಟರು. ಕೊಡೆ ಕಂಕುಳಿಗೆ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ ಬಾಗಿಲಿನ ಕಡೆ ನಡೆದರು.

ನಾನು ತಪ್ಪು ಮಾಡಿದ್ದು ಇಲ್ಲೇ. ಚೊಂಬು ಮೊದಲೇ ತುಂಬಿಟ್ಟಿದ್ದೆ. ಓಡಿಹೋಗಿ ಆ ಹಿರಿಯರ ಮಣಿಕಟ್ಟು ಹಿಡಿದೆ. ಬಿಸಿಯೂಟದ ಸಾಲಿನಲ್ಲಿ ಮಕ್ಕಳನ್ನು ಎಳೆಯುವ ಹಾಗೆ ಪಡಸಾಲೆಯ ಮೂಲೆಯ ಪುಟ್ಟ ಬಚ್ಚಲಿಗೆ ಎಳೆದುಕೊಂಡು ಹೋಗಿ, ಅವರ ಎರಡೂ ಕೈ ಮೇಲೆ ನೀರು ಸುರಿದೆ. ಚೊಂಬು ಖಾಲಿಯಾಗುವವರೆಗೂ ಸುರಿದೆ. ಅವರು ಕೈ ಕಿತ್ತುಕೊಳ್ಳಲಿಲ್ಲ. ಮೊದಲ ಸಲ ನನ್ನ ಮುಖವನ್ನು ನೇರ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

"ಆತು ಬಿಡ್ರಿ ಟೀಚರಮ್ಮ" ಅಂದರು. ಒದ್ದೆ ಕೈಯನ್ನು ಒರೆಸಿಕೊಳ್ಳದೆ ಹೋದರು.

ಅವರು ಮೆಟ್ಟಿಲಿಳಿಯುತ್ತಿದ್ದಂತೆ ಬೂದಿ ಎದ್ದು ನಿಂತಿತು. ನಾನು ಚೀರಿಯೇಬಿಟ್ಟೆ, ಸಂತೋಷಕ್ಕೆ. ಅದು ನನ್ನ ಕಡೆ ನೋಡಲಿಲ್ಲ. ನಿಧಾನವಾಗಿ ನಡೆದು ಆ ಬಚ್ಚಲಿಗೆ ಹೋಗಿ, ನೀರು ಹರಿದು ಹೋದ ತೂಬಿಗೆ ಮುಖ ಇಟ್ಟು ಕೂತಿತು.

ಅಲ್ಲಿಂದ ಇಪ್ಪತ್ತೆರಡು ದಿನ ಅದು ಅಲ್ಲೇ ಕೂತಿತ್ತು. ಕಿಡ್ನಿ ಕೆಟ್ಟ ಬೆಕ್ಕುಗಳು ತಣ್ಣನೆಯ ಜಾಗ ಹುಡುಕುತ್ತವೆ ಎಂದು ನನಗೆ ಗೊತ್ತು; ಅತ್ತೆಗೂ ಅದನ್ನೇ ಹೇಳಿದೆ. ಆದರೆ ಅದು ನಿದ್ದೆಗೂ ಕಣ್ಣು ಮುಚ್ಚುತ್ತಿರಲಿಲ್ಲ. ಬಾಯಿ ತೆರೆದರೆ ಸದ್ದು ಬರುತ್ತಿರಲಿಲ್ಲ. ಹಗಲು ಸರಿಯಾಗಿ ಹನ್ನೆರಡಕ್ಕೆ ಎದ್ದು ಬಾಗಿಲಿಗೆ ಹೋಗಿ, ಅವರು ಕಾಲಿಟ್ಟ ಹೊಸ್ತಿಲನ್ನು ಮೂಸಿ, ತಿರುಗಿ ಬಂದು ತೂಬಿನ ಮುಂದೆ ಕೂರುತ್ತಿತ್ತು. ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಸೂಜಿಯ ವಿಷಯ. ಮೊದಲು ಗೀರುತ್ತಿದ್ದ ಬೆಕ್ಕು ಈಗ ಸೂಜಿ ಚುಚ್ಚಿದರೂ ಅಲುಗಾಡುತ್ತಿರಲಿಲ್ಲ. ಬಟ್ಟೆಗೆ ಚುಚ್ಚಿದ ಹಾಗೆ ಚುಚ್ಚುತ್ತಿದ್ದೆ. ಹಗ್ಗದ ಮೇಲೆ ಒಣಹಾಕಿದ ಅಂಗಿಯೊಳಗೆ ಗಾಳಿ ತುಂಬುವಂತೆ ಅದರ ಚರ್ಮ ಸಲೈನ್‌ನಿಂದ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಎರಡನೆಯ ರಕ್ತ ಪರೀಕ್ಷೆ ನೋಡಿದ ಡಾಕ್ಟರಮ್ಮ "ಈ ರಿಪೋರ್ಟಿನ ಪ್ರಕಾರ ಇದು ಬದುಕಿರಬಾರದು" ಎಂದರು.

ಅತ್ತೆ ಆ ಬಚ್ಚಲಿನಲ್ಲಿ ಕೈಕಾಲು ತೊಳೆಯುವುದನ್ನು ನಿಲ್ಲಿಸಿದರು. "ಬೂದಿ ಅವತ್ತೇ ಎದ್ದು ಹೋಗೈತೆ ಕಣವ್ವ. ಇದು ಬರೇ ಅದ್ರ ಚರ್ಮ" ಅಂದರು. ನಾನು ಬೈದೆ. ಬೈದು ಕೋಣೆಗೆ ಹೋಗಿ ಅತ್ತುಬಿಟ್ಟೆ, ಯಾಕೆಂದರೆ ನನಗೂ ಹಾಗೇ ಅನ್ನಿಸಿತ್ತು.

ಆ ದಿನಗಳಲ್ಲಿ ಕಾಂಪೌಂಡರು ನಮ್ಮ ಬೀದಿಗೆ ಬರಲಿಲ್ಲ. ಸಂತೆಯಲ್ಲಿ ಒಂದು ದಿನ ಕಂಡರು. ಎರಡೂ ಕೈಗೆ ಟವೆಲ್ ಸುತ್ತಿಕೊಂಡಿದ್ದರು, ಟವೆಲ್ ಒದ್ದೆಯಾಗಿತ್ತು. ನನ್ನನ್ನು ನೋಡಿ ಬೇರೆ ಸಾಲಿಗೆ ತಿರುಗಿದರು. ಮರುದಿನ ಶಾಲೆಗೆ ರಜೆ ಹಾಕಿ ಅವರ ಮನೆಗೆ ಹೋದೆ.

ಜಗಲಿಯ ಮೇಲೆ ಕೂತಿದ್ದರು. ಟವೆಲ್ ಬಿಚ್ಚಿ ತೋರಿಸಿದರು. ಅಂಗೈಗಳು ಬಹಳ ಹೊತ್ತು ನೀರಿನಲ್ಲಿಟ್ಟವರ ಕೈಯಂತೆ ಬೆಳ್ಳಗೆ ಸುಕ್ಕುಗಟ್ಟಿದ್ದವು. "ಒಣಗವಲ್ವು ಟೀಚರಮ್ಮ" ಎಂದರು, ದೂರು ಹೇಳುವ ಧಾಟಿಯಲ್ಲಲ್ಲ. ಇಸುಬು ಇರಬೇಕು, ಚರ್ಮದ ಡಾಕ್ಟರಿಗೆ ತೋರಿಸಿ ಎಂದು ನಾನು ಅಂದೆ.

"ಬೆಕ್ಕು ಹೆಂಗೈತೆ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು ಟವೆಲನ್ನು ಮತ್ತೆ ಕೈಗೆ ಸುತ್ತಿಕೊಂಡರು.

"ಜನ ಏನೇನೋ ಮಾತಾಡ್ತಾರೆ. ನಾನು ದೇವ್ರಲ್ರೀ, ಮಾಟ ಮಾಡೋನೂ ಅಲ್ಲ. ನಲವತ್ತು ವರ್ಸ ಮುಟ್ಟಿ ಮುಟ್ಟಿ ಕೈಗೆ ಗೊತ್ತಾಗ್ತೈತೆ, ಅಷ್ಟೆ. ಬದುಕೋದು ಇದ್ರೆ ಕೈ ತೊಳೀತೀನಿ, ಯಾಕಂದ್ರೆ ಒಂದು ಮನೆ ರೋಗ ಇನ್ನೊಂದು ಮನೆ ಕೊಟ್ಟಿಗೀಗೆ ಒಯ್ಯಬಾರ್ದು. ಹೋಗೋದಿದ್ರೆ ತೊಳೆಯಲ್ಲ."

"ಯಾಕೆ?"

"ಸತ್ತಿದ್ದನ್ನ ಸಾಯಂಕಾಲದೊಳಗೆ ಮಣ್ಣು ಮಾಡ್ತಾರೆ, ಕೊಟ್ಟಿಗಿ ತೊಳೀತಾರೆ, ಹಗ್ಗ ಬಿಚ್ಚಿ ಬ್ಯಾರೆ ದನಕ್ಕೆ ಕಟ್ತಾರೆ. ಅದ್ರ ವಾಸ್ನೆನ ಒಂದು ದಿನನಾದ್ರೂ ಯಾರಾದ್ರೂ ಇಟ್ಕಬೇಕಲ್ಲ. ನಾನು ಇಟ್ಕಂತೀನಿ. ಅದಕ್ಕೇ ಚಮಚ." ಜೇಬು ಮುಟ್ಟಿಕೊಂಡರು. "ಆವತ್ತು ನಿಮ್ಮ ಬೂದೀದನ್ನ ತಗಂಡು ಹೊಂಟಿದ್ದೆ. ನೀವು ಬಚ್ಚಲಿಗೆ ಬಿಟ್ರಿ. ಅದು ಹೋಗಾಕೆ ದಾರಿ ಹುಡುಕ್ಕೋತಾ ಕುಂತೈತೆ."

ನಾನು ವಿಜ್ಞಾನದ ಟೀಚರು. ಎದ್ದು ಬರಬೇಕಿತ್ತು. ಎದ್ದು ಬರಲಿಲ್ಲ, ಅವರ ಮುಂದೆ ಕೂತು ಅತ್ತುಬಿಟ್ಟೆ. ಈಗ ಏನು ಮಾಡಲಿ ಎಂದು ಕೇಳಿದೆ.

"ಅದನ್ನ ನಾನು ಹೇಳಬಾರ್ದು. ಸೂಜಿ ಚುಚ್ಚೋದು ಅದಕ್ಕೋ, ನಿಮಗೋ? ಅದನ್ನ ಹೇಳ್ರಿ ಮೊದ್ಲು."

"ನನಗೆ" ಎಂದೆ. ಆ ಒಂದು ಮಾತು ಹೇಳಲು ನನಗೆ ಇಪ್ಪತ್ತೆರಡು ದಿನ ಬೇಕಾಯಿತು.

ಆಮೇಲೆ ಅವರು, ಯಾರಿಗೂ ಬಾಯಿಬಿಟ್ಟು ಏನೂ ಹೇಳದ ಆ ಮನುಷ್ಯ, ಒಂದೊಂದಾಗಿ ಹೇಳಿಕೊಟ್ಟರು. "ಸೂಜಿ ನಿಲ್ಸಿ. ಊಟ ತುರುಕಬ್ಯಾಡ್ರಿ. ನೋವಿಗೆ ಏನು ಕೊಡ್ಬೇಕೋ ಡಾಕ್ಟರಮ್ಮನ್ನ ಕೇಳ್ರಿ. ಹತ್ತೀಲಿ ನೀರು ಅದ್ದಿ ತುಟಿಗೆ ಹಚ್ರಿ. ಎಳೆ ಬಿಸ್ಲು ಬೀಳೋ ಕಡೆ ಹಳೇ ಸೀರೆ ಹಾಸ್ರಿ. ಎತ್ತಾಡಬ್ಯಾಡ್ರಿ. ಆಮೇಲೆ ಇನ್ನೊಂದು, ಹೆಸ್ರು ಹಿಡಿದು ಕರೀಬ್ಯಾಡ್ರಿ. ಹೊಂಟೋರನ್ನ ಹೆಸ್ರು ಹಿಡಿದು ಕರೆದ್ರೆ ತಿರುಗಿ ನೋಡಾಕೆ ಭಾಳ ಕಷ್ಟಪಡ್ತಾರೆ."

ಅವರ ಹೆಸರು ಬರೆಯದಿರುವ ಕಾರಣ ಇಷ್ಟೇ.

ಡಾಕ್ಟರಮ್ಮ ಫೋನಿನಲ್ಲಿ "ನೀವು ಹೀಗೆ ಹೇಳೋದನ್ನೇ ಕಾಯ್ತಿದ್ದೆ ಮೇಡಂ" ಎಂದು ನೋವಿನ ಔಷಧಿ ತಿಳಿಸಿದರು. ಅತ್ತೆ ತಮ್ಮ ಹಳೆಯ ಸೀರೆಯನ್ನು ತಾವೇ ತಂದು ಹಾಸಿದರು. ಮೂರನೆಯ ದಿನ ಹನ್ನೆರಡಕ್ಕೆ ಬೂದಿ ಬಾಗಿಲಿಗೆ ಹೋಯಿತು, ತಿರುಗಿ ಬರಲಿಲ್ಲ, ಹೊಸ್ತಿಲಿನ ಮೇಲೆ ಮಲಗಿತು. ನಾನು ಯಾರನ್ನೂ ಕಳಿಸಿರಲಿಲ್ಲ. ಆದರೂ ಬೀದಿಯ ತುದಿಯಲ್ಲಿ ಕೊಡೆ ಕಾಣಿಸಿತು. ಅವರು ಮೆಟ್ಟಿಲ ಮೇಲೆ ಕೂತು ಅಂಗೈ ಇಟ್ಟರು. ಬೂದಿ ಅಷ್ಟು ದಿನಗಳಲ್ಲಿ ಮೊದಲ ಸಲ ಕಣ್ಣು ಮುಚ್ಚಿತು. ಈ ಸಲ ಬೆಕ್ಕಿನ ಉಸಿರು ನಿಂತ ಮೇಲೆ ಅವರದು ಮತ್ತೆ ಬಂತು. ಬರುವವರೆಗೆ ನಾನೂ ಅತ್ತೆಯೂ ಕೈ ಹಿಡಿದುಕೊಂಡಿದ್ದೆವು. ಅವರು ಎದ್ದರು. ಅಂಗೈಗಳನ್ನು ನನಗೆ ಕಾಣುವಂತೆ ಒಮ್ಮೆ ತಿರುಗಿಸಿದರು. ಒಣಗಿದ್ದವು.

ನೀರು ಮುಟ್ಟದೆ ಹೋದರು. ಅಂದು ಖಾನಾವಳಿಯಲ್ಲಿ ಚಮಚ ತೆಗೆದರಂತೆ.

ಆಮೇಲೆ ಅವರು ಹೊನ್ನಾಳಿಯಲ್ಲಿ ಮಗಳ ಮನೆ ಸೇರಿದರು. ಕಳೆದ ತಿಂಗಳು ಆ ಮಗಳು ಫೋನ್ ಮಾಡಿದಳು. ಅಪ್ಪನ ಶ್ವಾಸಕೋಶ ಪೂರ್ತಿ ಕೆಟ್ಟಿತ್ತು. ದಾವಣಗೆರೆಯ ಆಸ್ಪತ್ರೆಯಿಂದ ಎರಡು ದಿನಕ್ಕೆಂದು ಮನೆಗೆ ಬಂದಿದ್ದರು; ಮರುದಿನ ಮತ್ತೆ ಒಯ್ದು ಗಂಟಲಿಗೆ ನಳಿಕೆ ಹಾಕಿಸಬೇಕೋ, ಮನೆಯಲ್ಲೇ ಇಟ್ಟುಕೊಳ್ಳಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ. "ಅಪ್ಪ ಏನೂ ಹೇಳ್ತಿಲ್ಲ. ನಿಮ್ಮನ್ನ ಕರಿ ಅಂತಾರೆ" ಎಂದಳು.

ಹೋದೆ. ಕಿಟಕಿಯ ಬಿಸಿಲು ಬೀಳುವ ಕಡೆ ಮಂಚ ಹಾಕಿದ್ದರು. ಪಕ್ಕೆ ಎಣಿಸುವಂತಿತ್ತು. ನನ್ನನ್ನು ಕಂಡು, ಮಾತಾಡಲಾರದೆ, ಎದೆಯ ಮೇಲಿನ ಬಟ್ಟೆ ಸರಿಸಿದರು. ಏನು ಮಾಡಬೇಕೆಂದು ಅರ್ಥವಾಯಿತು. ನನಗೇನು ಗೊತ್ತಾಗುತ್ತೆ, ನಾನು ಪಾಠ ಹೇಳುವವಳು ಎಂದು ಬಾಯಿಗೆ ಬಂತು. ಎರಡೂ ಅಂಗೈ ಇಟ್ಟೆ.

ಎಷ್ಟು ಹೊತ್ತು ಕೂತಿದ್ದೆನೋ. ಹೊರಗೆ ಎಲ್ಲೋ ಬೊಗಳುತ್ತಿದ್ದ ನಾಯಿ ಸುಮ್ಮನಾಯಿತು. ನನ್ನ ಉಸಿರು ನನ್ನದಲ್ಲದ ಒಂದು ಲಯಕ್ಕೆ ಇಳಿಯುವುದು ನನಗೇ ಕೇಳಿಸಿತು. ಹೆದರಿಕೆಯಾಯಿತು, ಕೈ ತೆಗೆಯಲಿಲ್ಲ. ಕೈಗೆ ಗೊತ್ತಾಯಿತು. ಅದಕ್ಕಿಂತ ಹೆಚ್ಚಿನ ವಿವರ ನನ್ನ ಹತ್ತಿರ ಇಲ್ಲ, ಮಕ್ಕಳು ಕೇಳಿದರೆ ಬೋರ್ಡಿನ ಮೇಲೆ ಬರೆದು ತೋರಿಸಲಾರೆ.

ಕಣ್ಣು ಬಿಟ್ಟಾಗ ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ತುಂಬಿದ ಚೊಂಬು. ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಕೈಗಳ ಮೇಲಿತ್ತು. ನಾನು ಒಂದು ದಿನ ನಿಂತಿದ್ದ ಹಾಗೆಯೇ ನಿಂತಿದ್ದಳು. ಒಂದು ಹೆಜ್ಜೆ ಮುಂದೆ ಬಂದಿದ್ದರೆ ನನ್ನ ಮಣಿಕಟ್ಟು ಹಿಡಿಯುತ್ತಿದ್ದಳು, ನಾನು ಬಿಡಿಸಿಕೊಳ್ಳುತ್ತಿರಲಿಲ್ಲ.

ಮಂಚದಿಂದ ದನಿ ಬಂತು, ಬರೀ ಗಾಳಿಯಂಥ ದನಿ. "ಬಸ್ಸಿಗೆ ಹೊತ್ತಾತು. ಹಂಗೇ ಹೋಗ್ರಿ ಟೀಚರಮ್ಮ."

ಮಗಳು ಅಪ್ಪನ ಕಡೆ ನೋಡಿದಳು. ಆಮೇಲೆ ಚೊಂಬನ್ನು ನಿಧಾನವಾಗಿ ನೆಲಕ್ಕಿಟ್ಟು, ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟಳು.

ಬಸ್ಸಿನಲ್ಲಿ ಕೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕೂತೆ. ಔಷಧಿ, ಬೆವರು, ಹಳೆಯ ಕೊಡೆಯ ಬಟ್ಟೆ, ಇವುಗಳ ವಾಸನೆ. ಇಳಿದು ಮನೆಯ ಬೀದಿಗೆ ತಿರುಗಿದಾಗ ಮೂಲೆಯ ಮನೆಯ ನಾಯಿ ಎದ್ದು ನಿಂತಿತು, ಬೊಗಳಲಿಲ್ಲ.

ಅತ್ತೆ ತಟ್ಟೆ ಹಾಕಿದರು. ನಾನು ಬಚ್ಚಲಿನ ಕಡೆ ಹೋಗದೆ ಬಂದು ಕೂತದ್ದನ್ನು ನೋಡಿದರು. ಒಳಗೆ ಹೋಗಿ, ಡಬ್ಬಿಗಳನ್ನು ಸರಿಸಿ ಹುಡುಕಿ, ಒಂದು ಚಮಚ ತಂದು ನನ್ನ ತಟ್ಟೆಯ ಪಕ್ಕ ಇಟ್ಟರು.